ಮೂವತ್ತೆಂಟೋ, ಎಂಬತ್ಮೂರೋ

ಫೇಲಾಗಿದ್ದರೆ ಚಲೋ ಇತ್ತು. ಎರಡು ಪೇಪರಿನಲ್ಲಿ 86, 91 ತಗೊಂಡ ಹುಡುಗ ಮೂರನೆಯದರಲ್ಲಿ ಹೇಗೆ ನಪಾಸಾದ ಎಂದು ಯಾರಾದರೂ ಒಬ್ಬರು ಹುಬ್ಬೇರಿಸುತ್ತಿದ್ದರು. ಬಂದದ್ದು 38. ಪಾಸಾಗಲು 35 ಸಾಕಿತ್ತು. ಹೀಗಾಗಿ 1987ರ ಜೂನಿನಲ್ಲಿ, ಸಿರಸಂಗಿಯಲ್ಲಿ ಬಸ್ಸಿಳಿದು ಮನೆ ಮುಟ್ಟುವವರೆಗೆ ಎದುರಾದವರೆಲ್ಲ ನನಗೆ ಅಂದದ್ದು ಒಂದೇ ಮಾತು: “ಪಾಸಾದಿ ಹೌದಿಲ್ಲೊ? ಮತ್ಯಾಕ ಮಾರಿ ಸಣ್ಣ ಮಾಡ್ಕೊಂಡಿ?”

ಅವರದೇನೂ ತಪ್ಪಿಲ್ಲ. ನಮ್ಮ ಓಣಿಯಲ್ಲಿ ಬಿ.ಎಸ್ಸಿ. ಮುಟ್ಟಿದವರೇ ಇರಲಿಲ್ಲ. ಅಲ್ಲಿ ಪಾಸು ಅಂದರೆ ಪಾಸು. ಗಣಿತದ ಎಂ.ಎಸ್ಸಿ.ಗೆ ಸೀಟು ಹಂಚುವುದು ಐಚ್ಛಿಕ ವಿಷಯದ ಮೂರು ಪೇಪರಿನ ಮೊತ್ತದ ಮೇಲೆ, ಮುನ್ನೂರಕ್ಕೆ 215 ಅಂದರೆ ಯಾದಿಯ ಬಾಲಕ್ಕೂ ಸಾಲದು ಎಂಬುದನ್ನು ಕಟ್ಟೆಯ ಮೇಲೆ ಕೂತವರಿಗೆ ಹೇಗೆ ಬಿಡಿಸಿ ಹೇಳುವುದು? ನನಗೆ ಗೊತ್ತಿದ್ದದ್ದು ಇಷ್ಟೇ: ಆ ಪೇಪರನ್ನು ನಾನು ಕೆಡಿಸಿರಲಿಲ್ಲ. ಪರೀಕ್ಷೆ ಬರೆದು ಬಂದ ಸಂಜೆಯೇ ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಅಂಕ ಹಾಕಿಕೊಂಡು ಕೂಡಿಸಿದ್ದೆ, ಎಲ್ಲಿಯೂ ಕೈ ಸಡಿಲ ಬಿಡದೆ. 84 ಆಗಿತ್ತು.

ನಾವು ಪಂಚಾಳರು. ಅಪ್ಪ ಬಡಿಗ. ಸಿರಸಂಗಿಯ ಕಾಳಮ್ಮ ವಿಶ್ವಕರ್ಮರಿಗೆ ದೊಡ್ಡ ದೈವ. ಯುಗಾದಿಯ ಹೊತ್ತಿಗೆ ಜಾತ್ರೆ ಕೂಡಿತೆಂದರೆ ಬಡಿಗರು, ಕಂಬಾರರು, ಅಕ್ಕಸಾಲಿಗರು ಎಲ್ಲೆಲ್ಲಿಂದಲೋ ಬಂದು ನಮ್ಮಂಥವರ ಪಡಸಾಲೆ ತುಂಬುತ್ತಿದ್ದರು. ರೈತರು ಹೊಸ ಗೋದಿ ತಂದು ದೇವಿಗೆ ಒಪ್ಪಿಸುತ್ತಿದ್ದರು. ಪರೀಕ್ಷೆ ಎಂಬುದು ಯಾವಾಗಲೂ ಜಾತ್ರೆಯ ಬೆನ್ನಿಗೇ ಬರುವಂಥದು. ಆ ವರ್ಷವೂ ನೆಂಟರ ಗೊರಕೆಯ ನಡುವೆ, ಹಿತ್ತಲ ಬಾಗಿಲಿನ ಬಲ್ಬಿನ ಕೆಳಗೆ ಕೂತು ರಿಯಲ್ ಅನಾಲಿಸಿಸ್ ಓದಿದ್ದೆ. ಕೂರಿಗೆಯ ತಾಳು ಕೆತ್ತಿದ ಚಕ್ಕೆಗಳು ಕಾಲಿಗೆ ಚುಚ್ಚುತ್ತಿದ್ದದ್ದು ಇವತ್ತಿಗೂ ನೆನಪಿದೆ, ಪ್ರಮೇಯಗಳು ಮರೆತಿವೆ.

ಕಾಳಮ್ಮನಷ್ಟೇ ದೊಡ್ಡ ಹೆಸರು ಊರಲ್ಲಿ ಇನ್ನೊಂದಿದೆ, ಲಿಂಗರಾಜ ದೇಸಾಯರದು. 1861ರಲ್ಲಿ ಹುಟ್ಟಿ, ಸಿರಸಂಗಿ ಸಂಸ್ಥಾನಕ್ಕೆ ದತ್ತು ಬಂದು, 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿ, 1906ರಲ್ಲಿ ನಲವತ್ತೈದರ ವಯಸ್ಸಿಗೇ ತೀರಿಕೊಂಡವರು. ಹೋಗುವ ಮುಂಚೆ ಆಸ್ತಿಯನ್ನು ಲಿಂಗಾಯತ ಮಕ್ಕಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟರು. ಬೆಳಗಾವಿಯಲ್ಲಿ 1933ರಲ್ಲಿ ಕೆ.ಎಲ್.ಇ. ಸಂಸ್ಥೆ ತೆರೆದ ಕಾಲೇಜಿಗೆ ಅವರದೇ ಹೆಸರು. ಆ ನಿಧಿ ನಮ್ಮ ಪಾಲಿನದಲ್ಲ, ಅದನ್ನು ಅಪ್ಪ ಯಾವತ್ತೂ ಆಡಿ ತೋರಿಸಿದವನೂ ಅಲ್ಲ. ವಾಡೆಯ ಮುಂದೆ ಹಾಯುವಾಗ ಕಾಲ್ಮರಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ, ಅಷ್ಟೆ. “ಹೊಲ ಮಾರಿ ಓದಸಿದವರನ್ನ ಕಂಡೀವಿ. ಇವರು ಊರೂರ ಬರದು ಕೊಟ್ಟ್ರು” ಎನ್ನುತ್ತಿದ್ದ. ಮುಂದೆ ನಾನು ಯಾವ ಊರಿನವನೆಂದು ಹೇಳಿದಾಗಲೆಲ್ಲ ಮೇಷ್ಟ್ರುಗಳ ಕೋಣೆಯಲ್ಲಿ ಒಬ್ಬರಾದರೂ ಚೇಷ್ಟೆ ಮಾಡುವವರೇ: ಓದಿಗಾಗಿ ಸಂಸ್ಥಾನವನ್ನೇ ಕೊಟ್ಟ ಊರವರು ನೀವು, ನಿಮಗೊಂದು ಸೀಟು ಸಿಗಲಿಲ್ಲವೇ?

ಇನ್ನು ಆ ಅಂಕಪಟ್ಟಿ. ಅಂಕಿಯಲ್ಲಿ 38 ಎಂದು ಬರೆದು, ಪಕ್ಕದ ಕಾಲಮ್ಮಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ತ್ರೀ ಎಯ್ಟ್’ ಎಂದು ಬರೆದಿದ್ದರು. ಅಂಕಿಯನ್ನು ಯಾರೂ ತಿದ್ದಬಾರದು, ತಪ್ಪಿ ಬಿದ್ದರೆ ಗೊತ್ತಾಗಬೇಕು ಎಂದೇ ಅಕ್ಷರದಲ್ಲಿ ಬರೆಯುವುದು. ಆದರೆ ಅಕ್ಷರ ಬರೆದವರು ಉತ್ತರಪತ್ರಿಕೆ ನೋಡಿ ಬರೆದಿರಲಿಲ್ಲ, ಪಕ್ಕದ ಅಂಕಿಯನ್ನು ನೋಡಿ ಬರೆದಿದ್ದರು. ಕಾವಲಿಗೆ ಕೂತವನು ಕಳ್ಳನನ್ನೇ ಸಾಕ್ಷಿ ಕೇಳಿದ ಹಾಗೆ.

ಕಾಲೇಜಿನ ಗಣಿತದ ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ನೋಡಿ, “ರೀವ್ಯಾಲ್ಯುಯೇಶನ್ನಿಗೆ ಹಾಕು. ಇವತ್ತ ಹಾಕು” ಎಂದರು. ಫೀ ಡಿಮ್ಯಾಂಡ್ ಡ್ರಾಫ್ಟಿನಲ್ಲಿ ಕಟ್ಟಬೇಕು. 1987 ದೇಶಕ್ಕೇ ಬರದ ವರ್ಷ. ಮಳೆ ಇಲ್ಲದಿದ್ದರೆ ಬಿತ್ತಿಗೆ ಇಲ್ಲ, ಬಿತ್ತಿಗೆ ಇಲ್ಲದಿದ್ದರೆ ಕೂರಿಗೆ ಕುಂಟೆಗೆ ಬಡಿಗನನ್ನು ಕೇಳುವವರಿಲ್ಲ. ವರ್ಷಕ್ಕೊಮ್ಮೆ ರಾಶಿಯಲ್ಲಿ ಅಳೆದು ಕೊಡುವ ಆಯದ ಜೋಳವೂ ಹಿಂದಿನ ಸುಗ್ಗಿಯಲ್ಲಿ ಅರ್ಧಕ್ಕೆ ನಿಂತಿತ್ತು. ಗಾಡಿಯ ಅಚ್ಚಿಗೆಂದು ಅಪ್ಪ ಮೂರು ವರ್ಷ ನೆರಳಿನಲ್ಲಿ ಒಣಗಿಸಿದ್ದ ಎರಡು ಜಾಲಿಯ ದಿಮ್ಮಿಗಳಿದ್ದವು. ಒಣಗಿದ ಜಾಲಿ ಬಡಿಗನಿಗೆ ಬ್ಯಾಂಕಿನ ಠೇವಣಿ ಇದ್ದ ಹಾಗೆ. ಅವನ್ನು ಮುನವಳ್ಳಿಯ ಕಡೆಯ ಒಬ್ಬರಿಗೆ ಕೊಟ್ಟ. ಅವರು ಗಾಡಿಗೆ ಹೇರಿಕೊಂಡು ಹೋಗುವಾಗ ದಿಮ್ಮಿಯ ತುದಿಗೆ ಬೆರಳಿನಿಂದ ಎರಡು ಸಲ ಬಡಿದು ಸಪ್ಪಳ ಕೇಳಿದ. ಮಾರಾಟವಾದ ಮೇಲೆ ಕೇಳಿ ಏನಾಗಬೇಕಿತ್ತೋ.

ಅರ್ಜಿಯ ಫಾರ್ಮು ಒಂದೇ ಹಾಳೆಯದು. ಹೆಸರು, ರಿಜಿಸ್ಟರ್ ನಂಬರು, ಪೇಪರಿನ ಕೋಡು, ಪಡೆದ ಅಂಕ, ಡಿ.ಡಿ. ನಂಬರು, ಬ್ಯಾಂಕು, ಪ್ರಾಂಶುಪಾಲರ ಸಹಿ. ಆ ಫಾರ್ಮನ್ನು ನಾನು ತುಂಬಿದ ಅಕ್ಷರ ಅಕ್ಷರವೂ ನೆನಪಿದೆ. ಜುಲೈ ಎರಡನೆಯ ವಾರ ಕೊಟ್ಟು ಬಂದೆ.

ವಿಶ್ವವಿದ್ಯಾಲಯ ಯಾವುದೆಂದು ಬರೆಯುವುದಿಲ್ಲ. ಅವತ್ತು ಅಲ್ಲಿದ್ದವರೆಲ್ಲ ಎಂದೋ ನಿವೃತ್ತರಾದರು, ಕೆಲವರು ಹೋಗಿಯೂ ಬಿಟ್ಟರು. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ನನಗೆ ಬೇಕೆಂದೇ ಕೆಟ್ಟದ್ದು ಮಾಡಿದವರು ಒಬ್ಬರೂ ಇರಲಿಲ್ಲ. ಇದ್ದಿದ್ದರೆ ಬರೆಯುವುದು ಸುಲಭವಾಗುತ್ತಿತ್ತು.

ಆಗಸ್ಟಿನ ಕೊನೆಯ ವಾರ ಎಂ.ಎಸ್ಸಿ.ಯ ಆಯ್ಕೆಯಾದಿ ಅಂಟಿಸಿದರು. ಗಣಿತದಲ್ಲಿ ಕೊನೆಯ ಹೆಸರಿನ ಮುಂದೆ 241. ನನ್ನ ಲೆಕ್ಕದ 84 ಹಿಡಿದರೆ ನನ್ನದು 261. ಪ್ರವೇಶದ ಕೊನೆಯ ದಿನಕ್ಕೆ ಹತ್ತು ದಿನ ಉಳಿದಿದ್ದವು. ಆ ಹತ್ತು ದಿನದಲ್ಲಿ ನಾಲ್ಕು ಸಲ ಹೋದೆ. ಮುಂಜಾನೆಯ ಬಸ್ಸಿಗೆ ಸವದತ್ತಿ, ಅಲ್ಲಿಂದ ಇನ್ನೊಂದು ಬಸ್ಸು, ಕಾಗದದಲ್ಲಿ ಸುತ್ತಿದ ರೊಟ್ಟಿ.

ಪರೀಕ್ಷಾ ವಿಭಾಗದ ಕಿಟಕಿಯ ಗಾಜಿನಲ್ಲಿ ಅರ್ಧಚಂದ್ರದ ಒಂದು ಕಂಡಿ. ಅದು ಸೊಂಟದ ಎತ್ತರಕ್ಕಿತ್ತು. ಒಳಗಿನವರಿಗೆ ಕೇಳಿಸಬೇಕೆಂದರೆ ಬಗ್ಗಿ ಕತ್ತನ್ನು ಓರೆ ಮಾಡಬೇಕು. ಆ ಭಂಗಿಯಲ್ಲಿ ನಿಂತವ ಏನು ಕೇಳಿದರೂ ಬೇಡಿದ ಹಾಗೇ ಕೇಳುತ್ತದೆ. ಒಳಗಿದ್ದ ಗುಮಾಸ್ತರು ನನ್ನ ಅಪ್ಪನ ವಯಸ್ಸಿನವರು, ಹಣೆಗೆ ವಿಭೂತಿ, ಬೆರಳಿಗೆ ರಬ್ಬರಿನ ಟೊಪ್ಪಿಗೆ. ಎರಡನೆಯ ಸಲ ಹೋದಾಗ ಅವರೇ ಹೊರಗೆ ಬಂದು ಚಹ ಕುಡಿಸಿದರು. ಪೇಪರು ಎಲ್ಲಿ ಇರುತ್ತದೆ, ಏನಾಗುತ್ತದೆ ಎಂದು ಬಿಡಿಸಿ ಹೇಳಿದ್ದೂ ಅವರೇ. ಸಾವಿರಾರು ಕಟ್ಟುಗಳಲ್ಲಿ ನಿನ್ನ ಕಟ್ಟು ಹುಡುಕಬೇಕು, ಅದರಲ್ಲಿ ಗುಪ್ತಸಂಖ್ಯೆ ಹಿಡಿದು ನಿನ್ನ ಪೇಪರು ತೆಗೆಯಬೇಕು, ಹಳೆಯ ಅಂಕ ಕಾಣದ ಹಾಗೆ ಮುಚ್ಚಬೇಕು, ಬೇರೆ ಊರಿನ ಪರೀಕ್ಷಕರಿಗೆ ಕಳಿಸಬೇಕು, ಅವರು ನೋಡಿ ಕಳಿಸಬೇಕು, ಎರಡು ಅಂಕಗಳ ನಡುವೆ ಅಂತರ ಹೆಚ್ಚಿದ್ದರೆ ಮೂರನೆಯವರಿಗೆ ಹೋಗಬೇಕು, ಆಮೇಲೆ ಲೆಜ್ಜರಿನಲ್ಲಿ ತಿದ್ದಿ ಸಹಿ ಆಗಬೇಕು. “ಇದಕ್ಕೆಲ್ಲಾ ಟೈಮ್ ಬೇಕಲ್ಲ ತಮ್ಮಾ.”

“ಮೂರನೇದವರಿಗೆ ಹೋಗೂದು ಯಾವಾಗ?”

“ಭಾಳ ಫರಕ್ ಬಂದ್ರ.”

ಅಂದರೆ ತಪ್ಪು ದೊಡ್ಡದಾದಷ್ಟೂ ತಿದ್ದುವುದು ತಡ. ಸಣ್ಣ ತಪ್ಪಿನವ ಬೇಗ ಮನೆಗೆ ಹೋಗುತ್ತಾನೆ. ಚಹದ ಕಪ್ಪು ಹಿಡಿದು ಅಲ್ಲೇ ನಿಂತು ಇದನ್ನು ಲೆಕ್ಕ ಹಾಕಿದ್ದು ನೆನಪಿದೆ. ಗಣಿತದ ಹುಡುಗನಿಗೆ ಅದೊಂದು ಒಳ್ಳೆಯ ಪ್ರಮೇಯದ ಹಾಗೆ ಕಂಡಿತ್ತು, ಕೆಟ್ಟ ರೀತಿಯಲ್ಲಿ.

ಪ್ರವೇಶ ವಿಭಾಗ ಅದೇ ಆವರಣದಲ್ಲಿ, ಒಂದು ಸಾಲು ಗುಲ್‌ಮೊಹರ್ ಗಿಡ ದಾಟಿದರೆ ಸಿಗುತ್ತಿತ್ತು. ಅಲ್ಲಿಗೂ ಹೋಗಿ ಒಂದು ಅರ್ಜಿ ಬರೆದುಕೊಟ್ಟೆ: ಮರುಮೌಲ್ಯಮಾಪನದ ಫಲಿತಾಂಶ ಬರುವವರೆಗೆ ಷರತ್ತಿನ ಮೇಲೆ ಸೇರಿಸಿಕೊಳ್ಳಿ, ಅಂಕ ಹೆಚ್ಚಾಗದಿದ್ದರೆ ಸುಮ್ಮನೆ ಬಿಟ್ಟು ಹೋಗುತ್ತೇನೆ. ಅಧಿಕಾರಿ ಓದಿದರು. ನಿಯಮದಲ್ಲಿ ಹಾಗೊಂದು ಅವಕಾಶ ಇಲ್ಲ, ಪರೀಕ್ಷಾ ವಿಭಾಗ ಬರೆದುಕೊಟ್ಟರೆ ನೋಡಬಹುದು ಎಂದರು. ಗಿಡದ ಸಾಲು ದಾಟಿ ಇಲ್ಲಿಗೆ ಬಂದೆ. ಪ್ರವೇಶ ವಿಭಾಗ ಕೇಳಿದರೆ ಬರೆದುಕೊಡಬಹುದು, ತಾವಾಗಿ ಬರೆಯಲು ಬರುವುದಿಲ್ಲ ಎಂದರು. ಇಬ್ಬರೂ ಸುಳ್ಳು ಹೇಳಲಿಲ್ಲ. ನನ್ನ ಅರ್ಜಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ, ಹೇಳುವವರೂ ಇರಲಿಲ್ಲ. ಕೊನೆಯ ದಿನಾಂಕ ಮುಗಿಯಿತು.

ಡಿಸೆಂಬರಿನ ಮೊದಲ ವಾರ ಅಂಚೆಯವ ಕಂದುಬಣ್ಣದ ಲಕೋಟೆ ತಂದ. ಮೂರನೆಯ ಪೇಪರು: 83. ಒಟ್ಟು 260. ಯಾದಿಯ ಕೊನೆಯವನಿಗಿಂತ 19 ಹೆಚ್ಚು. ಕ್ಷಮೆ, ವಿಷಾದ ಏನೂ ಇರಲಿಲ್ಲ. ಹಳೆಯ ಅಂಕಪಟ್ಟಿಯನ್ನು ಹಿಂದಿರುಗಿಸಿ ಹೊಸದನ್ನು ಪಡೆದುಕೊಳ್ಳತಕ್ಕದ್ದು ಎಂದಿತ್ತು.

ಅಪ್ಪ ಉಳಿ ಮಸೆಯುತ್ತಿದ್ದ. ಓದಿ ಹೇಳಿದೆ.

“ಹಂಗಾರ ಅವರು ತಪ್ಪ ಒಪಿಗೊಂಡ್ರು.”

“ಹೂಂ.”

“ಸೀಟು?”

“ಸೆಪ್ಟೆಂಬರಿನ್ಯಾಗ ಮುಗದೈತಿ.”

ಸ್ವಲ್ಪ ಹೊತ್ತು ಮಸೆದ. ಆಮೇಲೆ ಉಳಿಯ ಬಾಯಿಯನ್ನು ಹೆಬ್ಬೆರಳಿನ ಉಗುರಿಗೆ ಹಚ್ಚಿ ನೋಡುತ್ತ, “ಬಿತ್ತಿಗಿ ಮುಗದ ಮ್ಯಾಲೆ ಕೂರಿಗಿ ಮಾಡಿಕೊಟ್ರ ನಾ ಆಯಾ ಕೇಳಾಕ ಹೋಗಲೇನು?” ಎಂದ. ಮುಂದೆ ಮೂವತ್ತು ವರ್ಷ ಬದುಕಿದ್ದ, ಆ ವಿಷಯ ಇನ್ನೊಮ್ಮೆ ಎತ್ತಲಿಲ್ಲ.

ಮರುವರ್ಷ ಯಾಕೆ ಹೋಗಲಿಲ್ಲ ಎಂದು ಕೇಳುತ್ತಾರೆ. ಮರುವರ್ಷಕ್ಕೆ ಅಕ್ಕನ ಮದುವೆ ಇತ್ತು, ಸಾಲ ಇತ್ತು, ಬಿ.ಎಡ್.ಗೆ ಒಂದೇ ವರ್ಷ ಸಾಕಾಗಿತ್ತು. 260ರ ಬಲದಿಂದ ಬಿ.ಎಡ್. ಸೀಟು ಕೇಳಿದ ಕೂಡಲೇ ಸಿಕ್ಕಿತು. ಹೈಸ್ಕೂಲು ಮಾಸ್ತರನಾದೆ. ಮಾಸ್ತರಿಕೆ ನನಗೆ ಒಗ್ಗಿತು, ಅದರಲ್ಲಿ ಸುಖವೂ ಪಟ್ಟೆ. ಕಣ್ಣೀರಿನ ಕತೆ ಏನಿಲ್ಲ ಇಲ್ಲಿ. ಆದರೂ ಹಳೆಯ ಸಹಪಾಠಿ ಒಬ್ಬ ಕಾಲೇಜಿನಲ್ಲಿ ಟೋಪಾಲಜಿ ಕಲಿಸುತ್ತಿದ್ದೇನೆ ಎಂದಾಗ, ಆ ಪದ ನನ್ನ ಬಾಯಲ್ಲಿ ಕೂಡದ ಹಲ್ಲಿನ ಹಾಗೆ ಇರುತ್ತದೆ.

83 ಹೇಗೆ 38 ಆಯಿತು? ಇದು ಪರೀಕ್ಷಕನ ತಪ್ಪಲ್ಲ, ಒಬ್ಬರು ಓದಿ ಇನ್ನೊಬ್ಬರು ಬರೆದುಕೊಳ್ಳುವಾಗ ಆದದ್ದು ಎಂದು ನನ್ನ ಊಹೆ. ಪುರಾವೆ ಕೇಳಬೇಡಿ. ನಮ್ಮ ಕಡೆ ಹಳೆಯ ಮುಂಬಯಿ ಪ್ರಾಂತದ ರೂಢಿ, ಕನ್ನಡದ ಮಂದಿಯೂ ಅಳತೆ, ಲೆಕ್ಕ ಮರಾಠಿಯಲ್ಲಿ ಎಣಿಸುವುದುಂಟು. ಅಪ್ಪನೂ ಗೇಣು, ಇಂಚು ಹಾಗೆಯೇ ಎಣಿಸುತ್ತಿದ್ದ. ಕನ್ನಡದಲ್ಲಿ ಎಂಬತ್ತು ಮೊದಲು, ಮೂರು ಆಮೇಲೆ. ಮರಾಠಿಯ ‘ತ್ರ್ಯಾಐಂಶಿ’ಯಲ್ಲಿ ಮೂರು ಮೊದಲು, ಎಂಬತ್ತು ಆಮೇಲೆ. ಕಿವಿಗೆ ಬಿದ್ದ ಸಾಲಿನಲ್ಲೇ ಕೈ ಬರೆದರೆ ಮೂರು, ಎಂಟು. ಒಮ್ಮೆ ಅಪ್ಪ ಹೀಗೇ ಒಂದು ಬಾಗಿಲ ಚೌಕಟ್ಟನ್ನು ಕೊಯ್ದು ಕೆಡಿಸಿದ್ದ, ನಾನು ಕೂಗಿ ಹೇಳಿದ ಅಳತೆಯನ್ನು ತಿರುವಿ ಗುರುತು ಹಾಕಿಕೊಂಡು. ಸಂಜೆಯೊಳಗೆ ಇನ್ನೊಂದು ಕಟ್ಟಿಗೆ ತಂದು ಮಾಡಿಕೊಟ್ಟ. ನಾಡದ್ದು ಗೃಹಪ್ರವೇಶ ಇತ್ತು.

ಮೌಲ್ಯಮಾಪನಕ್ಕೆ ನಾನೂ ಎಷ್ಟೋ ವರ್ಷ ಹೋಗಿದ್ದೇನೆ. ಏಪ್ರಿಲ್ ತಿಂಗಳು, ತಗಡಿನ ಫ್ಯಾನು, ಮಧ್ಯಾಹ್ನ ಮೂರರ ನಿದ್ದೆ. ಒಂದು ಸಲ, ಗ್ರಾಫ್ ಹಾಳೆಯ ಬೆನ್ನಿಗೆ ಹುಡುಗಿಯೊಬ್ಬಳು ಬರೆದಿದ್ದ ನಾಲ್ಕು ಅಂಕದ ಲೆಕ್ಕವನ್ನು ನೋಡದೆ ಮೊತ್ತ ಹಾಕಿಬಿಟ್ಟಿದ್ದೆ. ಮೊತ್ತ ತಾಳೆ ನೋಡುವ ಮೇಷ್ಟ್ರು ಪೇಪರು ತಿರುವಿ, ಏನೂ ಮಾತಾಡದೆ, ಬೆರಳಿಟ್ಟು ತೋರಿಸಿದರು. ಕೆಂಪು ಪೆನ್ನು ತೆಗೆಯುವಾಗ ನನ್ನ ಕೈ ತಣ್ಣಗಾಗಿತ್ತು. ಅಂದಿನಿಂದ 38 ಬರೆದ ಆ ಕೈಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಉಳಿದದ್ದು ಜುಲೈಯಿಂದ ಡಿಸೆಂಬರಿನವರೆಗಿನ ಐದು ತಿಂಗಳ ಮೇಲೆ.

ನಾನು ಅರ್ಜಿ ಹಾಕುವ ಮೂರು ವರ್ಷ ಮೊದಲು, 1984ರಲ್ಲಿ, ಮಹಾರಾಷ್ಟ್ರದ ಪರೀಕ್ಷಾ ಮಂಡಳಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು. ಉತ್ತರಪತ್ರಿಕೆ ನೋಡುವುದಾಗಲಿ, ಮರುಮೌಲ್ಯಮಾಪನ ಕೇಳುವುದಾಗಲಿ ವಿದ್ಯಾರ್ಥಿಯ ಹಕ್ಕಲ್ಲ, ನಿಯಮ ಬೇಡವೆಂದರೆ ಇಲ್ಲ ಎಂದು. ನನಗೆ ಅದು ಗೊತ್ತಿರಲಿಲ್ಲ, ಗೊತ್ತಿದ್ದರೆ ಆ ಕಂಡಿಯ ಮುಂದೆ ಇನ್ನೂ ಸ್ವಲ್ಪ ಬಗ್ಗುತ್ತಿದ್ದೆನೇನೋ. ಮಾಹಿತಿ ಹಕ್ಕಿನ ಕಾಯ್ದೆ ಬಂದ ಮೇಲೆ, 2011ರ ಆಗಸ್ಟಿನಲ್ಲಿ, ಅದೇ ಕೋರ್ಟು ಬರೆದವನು ತನ್ನ ಉತ್ತರಪತ್ರಿಕೆಯನ್ನು ನೋಡಬಹುದು, ಪ್ರತಿ ಪಡೆಯಬಹುದು ಎಂದಿತು. ಆ ಹೊತ್ತಿಗೆ ನನ್ನ ಪೇಪರು ರದ್ದಿಗೆ ಹೋಗಿ ಯಾವ ಅಂಗಡಿಯ ಪೊಟ್ಟಣವಾಗಿತ್ತೋ. ಆದರೆ ಅಲ್ಲಿಂದ ಈಚೆಗೆ ಹುಡುಗರು ಪ್ರತಿ ಹಿಡಿದುಕೊಂಡು ನನ್ನ ಮನೆಗೆ ಬರುತ್ತಾರೆ. ಪೆನ್ಸಿಲಿನಿಂದ ಪುಟಪುಟ ಕೂಡಿಸಿ ಕೊಡುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಮೊತ್ತ ಸರಿಯೇ ಇರುತ್ತದೆ, ಇದನ್ನೂ ಹೇಳಬೇಕು.

ತಡದ ವಿಷಯಕ್ಕೆ ಬಂದರೆ ಜಗತ್ತು ಎಲ್ಲೆಡೆ ಒಂದೇ. 2020ರಲ್ಲಿ ಕೊರೊನಾದಿಂದ ಇಂಗ್ಲೆಂಡಿನಲ್ಲಿ ಪರೀಕ್ಷೆಯೇ ನಡೆಯದೆ ಒಂದು ಲೆಕ್ಕಸೂತ್ರದಿಂದ ಗ್ರೇಡು ಕೊಟ್ಟರು. ಶಿಕ್ಷಕರು ಅಂದಾಜಿಸಿದ್ದರಲ್ಲಿ ಸುಮಾರು ಶೇ 40ರಷ್ಟು ಗ್ರೇಡುಗಳು ಇಳಿದವು. ಆಗಸ್ಟ್ 13ಕ್ಕೆ ಫಲಿತಾಂಶ, ಮಕ್ಕಳು ಬೀದಿಗಿಳಿದ ಮೇಲೆ 17ಕ್ಕೆ ಸರಕಾರ ಹಿಂದೆ ಸರಿಯಿತು. ನಾಲ್ಕೇ ದಿನ. ಆ ನಾಲ್ಕು ದಿನದಲ್ಲೇ ಕೆಲವು ಕಡೆ ಸೀಟು ತುಂಬಿ, ಹಲವರು ಮುಂದಿನ ವರ್ಷಕ್ಕೆ ಕಾಯಬೇಕಾಯಿತು. ಟಿ.ವಿ.ಯಲ್ಲಿ ನೋಡುತ್ತ, ನಾಲ್ಕು ದಿನಕ್ಕೇ ಇಷ್ಟು ಗದ್ದಲ ಮಾಡುತ್ತಾರಲ್ಲ ಎಂದು ಮೊದಲು ನಗು ಬಂತು. ಆಮೇಲೆ, ನಾವು ಐದು ತಿಂಗಳಿಗೂ ಗದ್ದಲ ಮಾಡಲಿಲ್ಲವಲ್ಲ ಎಂದು ನಾಚಿಕೆ.

ನಮ್ಮಲ್ಲಿ 2019ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ವೈದ್ಯಕೀಯ ಸೀಟಿನ ಪ್ರಕರಣದಲ್ಲಿ ಹೇಳಿದ್ದು ನನಗೆ ಬಾಯಿಪಾಠ ಆಗಿದೆ. ವಿದ್ಯಾರ್ಥಿಯ ತಪ್ಪು ಏನೂ ಇಲ್ಲದೆ ಸೀಟು ಹೋಗಿದ್ದರೆ, ಆಕೆ ತಡಮಾಡದೆ ಕೋರ್ಟಿಗೆ ಬಂದಿದ್ದರೆ, ಬರೀ ದುಡ್ಡು ಕೊಟ್ಟು ಕೈತೊಳೆದುಕೊಂಡರೆ ಸಾಲದು. ಅಪರೂಪದ ಪ್ರಕರಣಗಳಲ್ಲಿ ಕೊನೆಯ ದಿನಾಂಕ ದಾಟಿ ಒಂದು ತಿಂಗಳೊಳಗಾದರೂ ಸೇರಿಸಬಹುದು, ಆಗದಿದ್ದರೆ ಮುಂದಿನ ವರ್ಷದ ಸೀಟು ಕೊಡಬಹುದು. ‘ತಡಮಾಡದೆ’ ಎಂಬ ಮಾತನ್ನು ಗಮನಿಸಿ. ತಡವನ್ನು ಕ್ಷಮಿಸುವುದು ಆಫೀಸಿಗೆ ಮಾತ್ರ.

ಆದ್ದರಿಂದ ಮನೆಗೆ ಬರುವ ಹುಡುಗರಿಗೆ ಲೆಕ್ಕ ಕೂಡಿಸಿ ಕೊಟ್ಟ ಮೇಲೆ ಒಂದು ಕೆಲಸ ಹಚ್ಚಿ ಕಳಿಸುತ್ತೇನೆ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದ ದಿನವೇ ಅದರ ಒಂದು ಪ್ರತಿಯನ್ನು, ಸೇರಬೇಕೆಂದಿರುವ ಕಡೆಯ ಪ್ರವೇಶ ವಿಭಾಗಕ್ಕೂ ಕೊಡಿ. ಇನ್ನೊಂದು ಪ್ರತಿಯ ಮೇಲೆ ತಾರೀಖಿನ ಮುದ್ರೆ ಹಾಕಿಸಿಕೊಂಡು ಮನೆಯಲ್ಲಿಡಿ. ಆನ್‌ಲೈನ್ ಆದರೆ ಪರದೆಯ ಫೋಟೋ ತೆಗೆದಿಡಿ.

ಫಾರ್ಮು ಅಚ್ಚು ಹಾಕಿಸುವವರಲ್ಲಿ ಒಂದೇ ಬಿನ್ನಹ. ಹೆಸರು, ನಂಬರು, ಕೋಡು, ಶುಲ್ಕ ಎಲ್ಲ ಕೇಳುತ್ತೀರಿ. ಇನ್ನೊಂದು ಸಾಲು ಸೇರಿಸಿ: ಈ ಅಂಕ ಯಾವ ತಾರೀಖಿನೊಳಗೆ ಬೇಕು? 1987ರ ಆ ಹಾಳೆಯಲ್ಲಿ, ಪ್ರಾಂಶುಪಾಲರ ಸಹಿಯ ಕೆಳಗೆ, ಎರಡು ಬೆರಳಿನಷ್ಟು ಜಾಗ ಖಾಲಿ ಇತ್ತು.